ಕೈಯಾರೆ ಕಟ್ಟಿದ ಬ್ಲಾಗು ತಂತ್ರಾಂಶ: ಒಂದು ಹವ್ಯಾಸದ ಇತಿಹಾಸ

ಬ್ಲಾಗು ತಂತ್ರಾಂಶವೆಂದರೆ, ದಿನಾಂಕ ಹೊತ್ತ ಬಿಡಿ ಬರಹಗಳನ್ನು ಒಂದೆಡೆ ಕೂಡಿಟ್ಟು, ಹೊಸದು ಮೇಲೆ ಹಳೆಯದು ಕೆಳಗೆ ಬರುವಂತೆ ಜೋಡಿಸಿ, ಪ್ರತಿ ಬರಹಕ್ಕೂ ಒಂದು ವಿಳಾಸ ಕೊಟ್ಟು, ಓದುಗರ ಬ್ರೌಸರಿಗೆ ಪುಟಗಳಾಗಿ ಒಪ್ಪಿಸುವ ಪ್ರೋಗ್ರಾಮು. ಮೂಲದಲ್ಲಿ ಅದರ ಕೆಲಸ ಇಷ್ಟೇ. ಪ್ರೋಗ್ರಾಮಿಂಗನ್ನು ತಕ್ಕಮಟ್ಟಿಗೆ ಬಲ್ಲವರು ಬಿಡುವಿನ ವೇಳೆಯಲ್ಲಿ ಒಬ್ಬರೇ ಕುಳಿತು ಕಟ್ಟಬಹುದಾದಷ್ಟು ಚಿಕ್ಕದಾದ ಈ ಕೆಲಸ, ಬ್ಯಾಂಕಿನ ಅಥವಾ ರೈಲ್ವೆಯ ತಂತ್ರಾಂಶಗಳಂತೆ ಸಂಸ್ಥೆಗಳ ಕೈಯಲ್ಲಿ ಬೆಳೆಯದೆ, ಬರೆಯುವ ಚಟವೂ ಯಂತ್ರ ಬಿಚ್ಚಿ ನೋಡುವ ಚಟವೂ ಕೂಡಿದ್ದ ಕೆಲವು ವ್ಯಕ್ತಿಗಳ ಕೈಯಲ್ಲಿ ಬೆಳೆಯಿತು. ಇಂದು ಜಗತ್ತಿನ ಜಾಲತಾಣಗಳ ಬಹುದೊಡ್ಡ ಪಾಲನ್ನು ನಡೆಸುತ್ತಿರುವ ವರ್ಡ್‌ಪ್ರೆಸ್ ಕೂಡ ಹುಟ್ಟಿದ್ದು, 19 ವರ್ಷದ ಯುವಕನೊಬ್ಬ ತನ್ನ ಸ್ವಂತ ತಾಣ ನಿಂತುಹೋಗದಂತೆ ಏನು ಮಾಡುವುದೆಂದು ಯೋಚಿಸಿದ್ದರಿಂದಲೇ. ಈ ಪರಂಪರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ತಂತ್ರಾಂಶ ಬಿಡುಗಡೆಯಾದ ದಿನವನ್ನು ದಾಖಲಿಸಿ ಸುಮ್ಮನಾಗುತ್ತವೆ. ಕಟ್ಟಿದ್ದನ್ನು ಮುಂದೆ ಯಾರು, ಎಷ್ಟು ಕಾಲ, ಯಾವ ಕರಾರಿನ ಮೇಲೆ ನೋಡಿಕೊಂಡರು ಎಂಬುದು ಅವುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಯಾವ ತಂತ್ರಾಂಶ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ನಿರ್ಧರಿಸಿದ್ದು ಮಾತ್ರ ಬಹುಮಟ್ಟಿಗೆ ಈ ಎರಡನೆಯ ಸಂಗತಿಯೇ.

ಜಾಲದ ಮೊದಲ ವರ್ಷಗಳಲ್ಲಿ ಇಂಥ ತಂತ್ರಾಂಶವೇ ಇರಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರವು ತನ್ನ ಮೊಸಾಯಿಕ್ ಬ್ರೌಸರನ್ನು ಬಳಸುವವರಿಗಾಗಿ 1993ರಿಂದ ನಡೆಸಿದ ಹೊಸ ತಾಣಗಳ ಪಟ್ಟಿಯಾಗಲಿ, ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ 1994ರ ಜನವರಿಯಲ್ಲಿ ತೆರೆದ ಸ್ವಂತ ತಾಣವಾಗಲಿ ಕೈಬರಹದ ಎಚ್‌ಟಿಎಂಎಲ್ ಪುಟಗಳೇ ಆಗಿದ್ದವು. ಪುಟದ ಯಾವ ಭಾಗ ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಕೊಂಡಿ ಎಂಬುದನ್ನು ಕೋನಾವರಣದೊಳಗಿನ ಗುರುತುಗಳಿಂದ ಬ್ರೌಸರಿಗೆ ತಿಳಿಸುವ ಬರಹಕ್ರಮಕ್ಕೆ ಎಚ್‌ಟಿಎಂಎಲ್ ಎಂದು ಹೆಸರು. ಹೊಸದೇನಾದರೂ ಬರೆದಾಗ ಮುಖಪುಟದ ಕಡತವನ್ನು ತೆರೆದು ಮೇಲ್ಭಾಗದಲ್ಲಿ ಸೇರಿಸಬೇಕು, ಪುಟ ಉದ್ದವಾದಂತೆ ಕೆಳಗಿನ ಬರಹಗಳನ್ನು ಕತ್ತರಿಸಿ ಹಳೆಯ ತಿಂಗಳ ಪುಟಕ್ಕೆ ಅಂಟಿಸಬೇಕು, ಆ ಪುಟದ ಕೊಂಡಿಯನ್ನು ಉಳಿದೆಲ್ಲ ಪುಟಗಳ ಪಕ್ಕದ ಪಟ್ಟಿಗೆ ಒಂದೊಂದಾಗಿ ಸೇರಿಸಬೇಕು. ಒಂದು ಗುರುತನ್ನು ಮುಚ್ಚುವುದು ಮರೆತರೆ ಪುಟದ ಉಳಿದ ಭಾಗವೆಲ್ಲ ದಪ್ಪಕ್ಷರದಲ್ಲೋ ಕೊಂಡಿಯ ನೀಲಿಯಲ್ಲೋ ಮುಳುಗುತ್ತಿತ್ತು. ಬರೆಯುವುದಕ್ಕಿಂತ ಜೋಡಿಸುವುದೇ ಹೆಚ್ಚಾದಾಗ, ಜೋಡಣೆಯನ್ನು ಯಂತ್ರಕ್ಕೆ ವಹಿಸುವ ಆಸೆ ಹುಟ್ಟುವುದು ಸಹಜವೇ.

ಅದಕ್ಕೆ ದಾರಿ ಮಾಡಿದ್ದು ಅದೇ ಎನ್‌ಸಿಎಸ್‌ಎ ಕೇಂದ್ರದವರು 1993ರಲ್ಲಿ ರೂಪಿಸಿದ ಸಿಜಿಐ ಎಂಬ ಏರ್ಪಾಡು. ಓದುಗರು ಪುಟವೊಂದನ್ನು ಕೇಳಿದಾಗ ಸರ್ವರು, ಅಂದರೆ ಪುಟಗಳನ್ನು ಒದಗಿಸುವ ಕಂಪ್ಯೂಟರು, ಸಿದ್ಧ ಕಡತವನ್ನು ಕಳುಹಿಸುವ ಬದಲು ಒಂದು ಪ್ರೋಗ್ರಾಮನ್ನು ಓಡಿಸಿ, ಅದು ಬರೆದುಕೊಟ್ಟದ್ದನ್ನೇ ಪುಟವೆಂದು ಕಳುಹಿಸುವುದು ಈ ಏರ್ಪಾಡಿನ ತಿರುಳು. ಲ್ಯಾರಿ ವಾಲ್ 1987ರಲ್ಲಿ ಹೊರತಂದಿದ್ದ ಪರ್ಲ್ ಭಾಷೆ ಪಠ್ಯವನ್ನು ಹುಡುಕಿ ತಿದ್ದುವುದರಲ್ಲಿ ಪಳಗಿದ್ದರಿಂದ ಇಂಥ ಪ್ರೋಗ್ರಾಮುಗಳಿಗೆ ಅದೇ ರೂಢಿಯ ಭಾಷೆಯಾಯಿತು. ಹೈಸ್ಕೂಲಿನಲ್ಲಿ ಓದುತ್ತಿದ್ದ ಮ್ಯಾಟ್ ರೈಟ್ ಎಂಬಾತ ಸಂದರ್ಶಕರ ಪುಸ್ತಕ, ಚರ್ಚಾಫಲಕ, ಅಂಚೆ ಕಳುಹಿಸುವ ಫಾರ್ಮು ಮೊದಲಾದ ಪುಟ್ಟ ಪರ್ಲ್ ಪ್ರೋಗ್ರಾಮುಗಳನ್ನು ಬಿಟ್ಟಿಯಾಗಿ ಹಂಚಿದ, ಲೆಕ್ಕವಿಲ್ಲದಷ್ಟು ಜನ ಅವನ್ನು ತಮ್ಮ ತಾಣಗಳಿಗೆ ಇಳಿಸಿಕೊಂಡರು. ಅವುಗಳಲ್ಲಿನ ಅಂಚೆ ಫಾರ್ಮು ಮುಂದೆ ಕಸದಂಚೆ ಕಳುಹಿಸುವವರ ಪ್ರಿಯ ಆಯುಧವಾಯಿತು ಎಂಬುದು, ಹವ್ಯಾಸಕ್ಕೆಂದು ಬರೆದ ಪ್ರೋಗ್ರಾಮು ಬರೆದವನ ಊಹೆಗೂ ಮೀರಿದ ಕಡೆಗೆ ತಲುಪಿದ ಮೊದಲ ಉದಾಹರಣೆಗಳಲ್ಲಿ ಒಂದು. ಪಿಎಚ್‌ಪಿ ಎಂಬ ಭಾಷೆಯ ಮೂಲವೂ ಇದೇ ಬಗೆಯದು: ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವವಿವರದ ಪುಟವನ್ನು ಎಷ್ಟು ಜನ ನೋಡಿದರೆಂದು ಎಣಿಸಲು 1994ರಲ್ಲಿ ಬರೆದುಕೊಂಡ ಸಲಕರಣೆಗಳ ಗಂಟನ್ನು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದೇ ಮುಂದೆ ಒಂದು ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಾಗಿ ಬೆಳೆಯಿತು.

ಬರಹ ಮತ್ತು ತಂತ್ರಾಂಶ ಒಂದೇ ಮೇಜಿನ ಮೇಲೆ ಒಂದನ್ನೊಂದು ತಿದ್ದಿದ ರೀತಿಗೆ ಡೇವ್ ವೈನರ್ ಒಳ್ಳೆಯ ಸಾಕ್ಷಿ. ಯೂಸರ್‌ಲ್ಯಾಂಡ್ ಎಂಬ ಸಣ್ಣ ಸಂಸ್ಥೆಯ ಒಡೆಯನಾಗಿದ್ದ ಆತ ತನ್ನ ಫ್ರಾಂಟಿಯರ್ ತಂತ್ರಾಂಶವನ್ನೇ ಬಳಸಿ 1997ರಲ್ಲಿ ಸ್ಕ್ರಿಪ್ಟಿಂಗ್ ನ್ಯೂಸ್ ಎಂಬ ದಿನವಹಿ ತಾಣವನ್ನು ಆರಂಭಿಸಿದ. ಬೆಳಿಗ್ಗೆ ಬರೆಯುವಾಗ ಕಂಡ ತೊಡಕಿಗೆ ಸಂಜೆಯೊಳಗೆ ಪ್ರೋಗ್ರಾಮಿನಲ್ಲಿ ಪರಿಹಾರ ಹುಡುಕಬಲ್ಲ ಸ್ಥಿತಿ ಆತನದಾಗಿತ್ತು. ಪ್ರೋಗ್ರಾಮಿಂಗ್ ಬಾರದವರಿಗೆ ಈ ಸೌಕರ್ಯವನ್ನು ತಲುಪಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಪೈರಾ ಲ್ಯಾಬ್ಸ್ 1999ರ ಆಗಸ್ಟಿನಲ್ಲಿ ಹೊರತಂದ ಬ್ಲಾಗರ್. ಕಚೇರಿ ಕೆಲಸಗಳ ನಿರ್ವಹಣೆಗೆ ತಂತ್ರಾಂಶ ಮಾಡಹೊರಟಿದ್ದ ಈ ಮಂದಿ, ಬದಿಯಲ್ಲಿ ಮಾಡಿದ ಸಲಕರಣೆಯೇ ಜನಪ್ರಿಯವಾದದ್ದನ್ನು ಕಂಡರು. ಆ ಕಾಲದ ಬ್ಲಾಗರ್ ಇಂದಿನದಕ್ಕಿಂತ ಬೇರೆಯಾಗಿತ್ತು. ಬರೆಯುವ ಪೆಟ್ಟಿಗೆ ಮತ್ತು ಪ್ರೋಗ್ರಾಮು ಪೈರಾದ ಸರ್ವರಿನಲ್ಲಿರುತ್ತಿದ್ದವು, ಸಿದ್ಧವಾದ ಪುಟಗಳು ಮಾತ್ರ ಎಫ್‌ಟಿಪಿ ಎಂಬ ಕಡತ ಸಾಗಣೆಯ ಕ್ರಮದಿಂದ ಬರಹಗಾರರ ಸ್ವಂತ ಸರ್ವರಿಗೆ ಹೋಗಿ ಸೇರುತ್ತಿದ್ದವು. ಪ್ರತಿ ಬರಹಕ್ಕೂ ಎಂದೂ ಬದಲಾಗದ ಪ್ರತ್ಯೇಕ ಕೊಂಡಿ ಕೊಡುವ ರೂಢಿ 2000ರಲ್ಲಿ ಇಲ್ಲಿಂದಲೇ ವ್ಯಾಪಕವಾಯಿತು. 2001ರ ಆರಂಭದಲ್ಲಿ ಹಣ ಮುಗಿದು, ಸಹೋದ್ಯೋಗಿಗಳೆಲ್ಲ ಹೊರನಡೆದು, ಪೈರಾ ಸ್ಥಾಪಕರಲ್ಲೊಬ್ಬನಾದ ಇವಾನ್ ವಿಲಿಯಮ್ಸ್ ಒಬ್ಬನೇ ಆ ಸರ್ವರುಗಳನ್ನು ಕಾಯುತ್ತ ಉಳಿದ. ಹೊಸ ಸರ್ವರು ಕೊಳ್ಳಲು ಬಳಕೆದಾರರಿಂದ ಚಂದಾ ಎತ್ತಬೇಕಾದ ಪರಿಸ್ಥಿತಿಯೂ ಬಂದಿತ್ತು. 2003ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಪ್ರೋಗ್ರಾಮೂ ತಮ್ಮದೇ ಸರ್ವರಿನಲ್ಲಿರಲಿ ಎಂಬ ಬಯಕೆಗೆ ಮೊದಲ ದೊಡ್ಡ ಉತ್ತರವಾಗಿ ಬಂದದ್ದು, ಛಾಯಾಗ್ರಾಹಕನೂ ಆಗಿದ್ದ ನೋವಾ ಗ್ರೇ 2000ದ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಗ್ರೇಮ್ಯಾಟರ್. ಇದು ಪರ್ಲಿನಲ್ಲಿ ಬರೆದ ಪ್ರೋಗ್ರಾಮು. ಡೇಟಾಬೇಸಿನ ಹಂಗಿಲ್ಲದೆ ಬರಹಗಳನ್ನು ಸಾದಾ ಕಡತಗಳಲ್ಲಿಡುತ್ತಿತ್ತು ಮತ್ತು ಓದುಗರ ಟಿಪ್ಪಣಿಗಳನ್ನು ಬರಹದ ಕೆಳಗೇ ತೋರಿಸುತ್ತಿತ್ತು. ಇಂಥದ್ದೊಂದು ಪರ್ಲ್ ಪ್ರೋಗ್ರಾಮನ್ನು ಬಾಡಿಗೆ ಸರ್ವರಿನಲ್ಲಿ ನೆಲೆಗೊಳಿಸುವುದು ಆ ಕಾಲದ ಹವ್ಯಾಸಿಗಳ ದೀಕ್ಷೆಯೆಂದೇ ಹೇಳಬಹುದು. ಕಡತದ ಮೊದಲ ಸಾಲಿನಲ್ಲಿ ಆ ಸರ್ವರಿನೊಳಗೆ ಪರ್ಲ್ ಎಲ್ಲಿದೆಯೆಂಬ ದಾರಿಯನ್ನು ಸರಿಯಾಗಿ ಬರೆಯಬೇಕಿತ್ತು. ಎಲ್ಲರೂ ಓದಬಹುದು ಮತ್ತು ಓಡಿಸಬಹುದು, ಒಡೆಯ ಮಾತ್ರ ತಿದ್ದಬಹುದು ಎಂಬ ಅನುಮತಿಯನ್ನು 755 ಎಂಬ ಸಂಖ್ಯೆಯಿಂದ ಸೂಚಿಸಬೇಕಿತ್ತು. ವಿಂಡೋಸ್ ಕಂಪ್ಯೂಟರಿನಿಂದ ಕಡತವನ್ನು ಏರಿಸುವಾಗ ಸಾಗಣೆಯ ವಿಧವನ್ನು ಪಠ್ಯವೆಂದು ಆರಿಸದೆ ಹೋದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಚಿಹ್ನೆಯೊಂದು ಉಳಿದು, ಮೊದಲ ಸಾಲಿನಲ್ಲಿ ಹೇಳಿದ ಪರ್ಲ್ ಸರ್ವರಿಗೆ ಸಿಗದಂತಾಗುತ್ತಿತ್ತು. ಈ ಮೂರರಲ್ಲಿ ಯಾವುದು ತಪ್ಪಿದರೂ ಪರದೆಯ ಮೇಲೆ ಬರುತ್ತಿದ್ದುದು 500 ಎಂಬ ಸಂಖ್ಯೆ ಹೊತ್ತ ಒಂದೇ ದೋಷಸೂಚನೆ. ತಪ್ಪು ಯಾವುದೆಂದು ಅದು ಹೇಳುತ್ತಿರಲಿಲ್ಲ.

ಗ್ರೇಮ್ಯಾಟರಿನ ನಂತರ ಬಂದ ಮೂವಬಲ್ ಟೈಪ್ ದಂಪತಿಗಳ ಕೃತಿ. ಮೀನಾ ಟ್ರಾಟ್ ತನ್ನ ಬ್ಲಾಗಿಗೆ ಒಳ್ಳೆಯ ಸಲಕರಣೆ ಬೇಕೆಂದು ಬಯಸಿದಳು, ಬೆನ್ ಟ್ರಾಟ್ ಪರ್ಲಿನಲ್ಲಿ ಅದನ್ನು ಬರೆದ. 2001ರ ಅಕ್ಟೋಬರಿನಲ್ಲಿ ಅದು ಹೊರಬಂದಿತು. ಇಬ್ಬರ ಹುಟ್ಟುದಿನಗಳ ನಡುವೆ ಆರು ದಿನಗಳ ಅಂತರವಿದ್ದುದರಿಂದ ಅವರ ಸಂಸ್ಥೆಗೆ ಸಿಕ್ಸ್ ಅಪಾರ್ಟ್ ಎಂಬ ಹೆಸರಾಯಿತು. ಈ ತಂತ್ರಾಂಶದಲ್ಲಿ ಬರಹವೊಂದನ್ನು ಉಳಿಸಿದೊಡನೆ ಅದರ ಪುಟ, ತಿಂಗಳ ಪುಟ, ವಿಷಯವಾರು ಪುಟ, ಮುಖಪುಟ ಎಲ್ಲವನ್ನೂ ಪ್ರೋಗ್ರಾಮು ಹೊಸದಾಗಿ ಬರೆದು ಕಡತಗಳಾಗಿ ಇಡುತ್ತಿತ್ತು, ಓದುಗರು ಬಂದಾಗ ಸರ್ವರು ಆ ಸಿದ್ಧ ಕಡತಗಳನ್ನಷ್ಟೇ ಕೊಡುತ್ತಿತ್ತು. ಓದುಗರ ಪಾಲಿಗೆ ಇದು ವೇಗ. ಬರಹಗಾರರ ಪಾಲಿಗೆ, ಪುಟದ ಅಂಚಿನ ಬಣ್ಣ ಬದಲಿಸಿದರೂ ವರ್ಷಗಟ್ಟಲೆಯ ಪುಟಗಳೆಲ್ಲ ಮತ್ತೆ ಸಿದ್ಧವಾಗುವವರೆಗೆ ಕಾಯುವ ಶಿಕ್ಷೆ. ಪುಟಗಳನ್ನು ಮುಂಚೆಯೇ ಸಿದ್ಧಪಡಿಸಿಡುವುದೋ, ಕೇಳಿದಾಗ ಸಿದ್ಧಪಡಿಸುವುದೋ ಎಂಬ ಈ ಆಯ್ಕೆ ಅಂದಿನಿಂದ ಇಂದಿನವರೆಗೂ ಬ್ಲಾಗು ತಂತ್ರಾಂಶ ಕಟ್ಟುವ ಪ್ರತಿಯೊಬ್ಬರೂ ಮೊದಲು ಎದುರಿಸಬೇಕಾದ ಪ್ರಶ್ನೆಯಾಗಿದೆ.

ಕೇಳಿದಾಗ ಸಿದ್ಧಪಡಿಸುವ ಪಂಥಕ್ಕೆ ಸೇರಿದ್ದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ಮಿಶೆಲ್ ವಾಲ್ಡ್ರಿಗಿ 2001ರಲ್ಲಿ ಬರೆದ ಬಿ2. ಅದು ಪಿಎಚ್‌ಪಿಯಲ್ಲಿತ್ತು, ಬರಹಗಳನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಇಡುತ್ತಿತ್ತು ಮತ್ತು, ಈ ಕಥನಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ, ಜಿಪಿಎಲ್ ಪರವಾನಗಿಯ ಅಡಿಯಲ್ಲಿತ್ತು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಅದರ ಮೂಲಸಂಕೇತವನ್ನು ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು, ಆದರೆ ಹಂಚುವಾಗ ಇದೇ ಸ್ವಾತಂತ್ರ್ಯವನ್ನು ಪಡೆದವರಿಗೂ ಕೊಡಬೇಕು ಎಂಬುದು ಆ ಪರವಾನಗಿಯ ಕರಾರು. 2002ರ ಕೊನೆಯ ಹೊತ್ತಿಗೆ ವಾಲ್ಡ್ರಿಗಿಯ ಸುದ್ದಿಯೇ ಇಲ್ಲವಾಗಿ, ಬಿ2 ನಂಬಿದವರು ತಬ್ಬಲಿಗಳಾದರು. ಅಮೆರಿಕದ ಹ್ಯೂಸ್ಟನ್ನಿನ ಮ್ಯಾಟ್ ಮಲ್ಲೆನ್‌ವೆಗ್ 2003ರ ಜನವರಿ 24ರಂದು ತನ್ನ ತಾಣದಲ್ಲಿ, ತಾನು ಬಳಸುವ ತಂತ್ರಾಂಶ ತಿಂಗಳುಗಳಿಂದ ಅಲ್ಲಾಡಿಲ್ಲವೆಂದೂ, ಪರವಾನಗಿ ಅವಕಾಶ ಕೊಡುವುದರಿಂದ ಅದನ್ನೇ ಕವಲೊಡೆಸಿ ಮುಂದುವರಿಸಬಹುದೆಂದೂ ಬರೆದ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಮೈಕ್ ಲಿಟ್ಲ್ ಮರುದಿನವೇ ಅದಕ್ಕೆ ಸ್ಪಂದಿಸಿ ಕೈಜೋಡಿಸಲು ಮುಂದೆ ಬಂದ. ಒಬ್ಬರನ್ನೊಬ್ಬರು ಮುಖತಃ ಕಾಣದ ಈ ಇಬ್ಬರು ಸಿದ್ಧಪಡಿಸಿದ ಮೊದಲ ಆವೃತ್ತಿ 2003ರ ಮೇ 27ರಂದು ವರ್ಡ್‌ಪ್ರೆಸ್ 0.7 ಎಂಬ ಹೆಸರಿನಲ್ಲಿ ಹೊರಬಂದಿತು. ಅದೇ ಬಿ2ದಿಂದ ಫ್ರಾನ್ಸಿನ ಫ್ರಾಂಸ್ವಾ ಪ್ಲಾಂಕ್ ಬಿ2ಎವಲ್ಯೂಶನ್ ಎಂಬುದನ್ನೂ, ಐರ್ಲೆಂಡಿನ ಡೊನಹಾ ಓ ಕೀವ್ ಒಂದೇ ತಂತ್ರಾಂಶದಲ್ಲಿ ಹಲವು ಬ್ಲಾಗುಗಳನ್ನು ನಡೆಸುವ ಇನ್ನೊಂದು ಕವಲನ್ನೂ ಬೆಳೆಸಿದರು. ಕಡೆಯದು ಮುಂದೆ ವರ್ಡ್‌ಪ್ರೆಸ್ಸಿನಲ್ಲೇ ಲೀನವಾಯಿತು. ಮತ್ತೆ ಕಾಣಿಸಿಕೊಂಡ ವಾಲ್ಡ್ರಿಗಿ ತನ್ನ ಕೃತಿಯ ಅಧಿಕೃತ ಉತ್ತರಾಧಿಕಾರಿ ವರ್ಡ್‌ಪ್ರೆಸ್ಸೇ ಎಂದು ಒಪ್ಪಿದ. ಒಡೆಯ ಕೈಬಿಟ್ಟ ಮೇಲೂ ಕೃತಿ ಬೆಳೆಯಬಲ್ಲದೆಂಬ ಈ ಸಾಧ್ಯತೆಯನ್ನು ಪ್ರತಿಭೆಯ ಫಲವೆಂದು ವರ್ಣಿಸುವ ಲೇಖಕರಿದ್ದಾರೆ. ಪ್ರತಿಭೆ ಗ್ರೇಮ್ಯಾಟರಿಗೂ ಕಡಿಮೆಯಿರಲಿಲ್ಲ. ಬಿ2ದ ಮಟ್ಟಿಗೆ ಪರವಾನಗಿಯೊಂದು ಮರಣಶಾಸನದಂತೆ ಮೊದಲೇ ಬರೆದಿಟ್ಟಿತ್ತು ಎಂಬುದೇ ಹೆಚ್ಚು ಸರಿಯಾದ ವಿವರಣೆ.

ಈ ಮಾತಿನ ತೂಕ ಮರುವರ್ಷವೇ ತಿಳಿದುಬಂದಿತು. 2004ರ ಮೇ ತಿಂಗಳಲ್ಲಿ ಮೂವಬಲ್ ಟೈಪಿನ ಮೂರನೆಯ ಆವೃತ್ತಿ ಹೊಸ ಕರಾರಿನೊಂದಿಗೆ ಬಂದಾಗ, ಬಿಟ್ಟಿ ಬಳಕೆಗೆ ಒಬ್ಬ ಲೇಖಕ ಮತ್ತು ಮೂರು ಬ್ಲಾಗುಗಳ ಮಿತಿ ಬಿದ್ದು, ಅದಕ್ಕೂ ಹೆಚ್ಚು ಬೇಕಾದವರು ಹಣ ತೆರಬೇಕಾಯಿತು. ಸಂಸಾರವಾಗಿ ಸಂಸ್ಥೆ ನಡೆಸುವವರು ದುಡಿಮೆಗೆ ಬೆಲೆ ಕೇಳುವುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ವರ್ಷಗಳಿಂದ ಅದನ್ನು ತಿದ್ದಿ ತೀಡಿ ತಮ್ಮದೆಂದು ಭಾವಿಸಿದ್ದ ಹವ್ಯಾಸಿಗಳಿಗೆ ಅದು ಎಂದೂ ತಮ್ಮದಾಗಿರಲಿಲ್ಲವೆಂಬುದು ಆಗ ಅರಿವಾಯಿತು. ಹೆಸರಾಂತ ತಂತ್ರಜ್ಞ ಲೇಖಕ ಮಾರ್ಕ್ ಪಿಲ್‌ಗ್ರಿಮ್ ಈ ಪ್ರಶ್ನೆಯನ್ನೇ ಎತ್ತಿ, ತನ್ನ ತಾಣವನ್ನು ವರ್ಡ್‌ಪ್ರೆಸ್ಸಿಗೆ ಸಾಗಿಸಿದ. ಅದೇ ತಿಂಗಳು ವರ್ಡ್‌ಪ್ರೆಸ್ 1.2 ಆವೃತ್ತಿ, ಮೂಲಸಂಕೇತವನ್ನು ಮುಟ್ಟದೆ ಹೊಸ ಸೌಲಭ್ಯ ಸೇರಿಸಬಲ್ಲ ಪ್ಲಗಿನ್ ಎಂಬ ಏರ್ಪಾಡಿನೊಂದಿಗೆ ಬಿಡುಗಡೆಯಾದದ್ದು ಕಾಕತಾಳೀಯವಿದ್ದರೂ, ಬೇಸತ್ತು ಹೊರಟವರಿಗೆ ಮನೆ ಸಿದ್ಧವಾಗಿತ್ತು.

ಇಷ್ಟಾದರೂ ವರ್ಡ್‌ಪ್ರೆಸ್ ಆಗಲಿ ಮೂವಬಲ್ ಟೈಪ್ ಆಗಲಿ ಬೇಡವೆಂದು, ತಮ್ಮದನ್ನು ತಾವೇ ಬರೆದುಕೊಳ್ಳುವವರ ಸಂಖ್ಯೆ ಕುಗ್ಗಲಿಲ್ಲ. ಆ ಗುಂಪಿನ ಆದರ್ಶ ಕೃತಿಯೆಂದರೆ ರೇಲ್ ಡಾರ್ನ್‌ಫೆಸ್ಟ್ 2002ರ ಸುಮಾರಿಗೆ ಬರೆದ ಬ್ಲಾಸಮ್. ಕೆಲವೇ ನೂರು ಸಾಲುಗಳ ಒಂದೇ ಪರ್ಲ್ ಕಡತವಾದ ಇದಕ್ಕೆ ಡೇಟಾಬೇಸೂ ಬೇಡ, ನಿರ್ವಾಹಕ ಪುಟವೂ ಬೇಡ. ಒಂದು ಫೋಲ್ಡರಿನಲ್ಲಿ ಸಾದಾ ಪಠ್ಯದ ಕಡತಗಳಿರುತ್ತವೆ; ಕಡತದ ಮೊದಲ ಸಾಲು ಬರಹದ ಶೀರ್ಷಿಕೆ, ಉಳಿದದ್ದು ಬರಹ, ಒಳ ಫೋಲ್ಡರಿನ ಹೆಸರು ವಿಷಯವಿಭಾಗ. ದಿನಾಂಕವನ್ನು ಬೇರೆ ಬರೆಯಬೇಕಿಲ್ಲ, ಕಡತವನ್ನು ಕೊನೆಯ ಸಲ ಉಳಿಸಿದ ವೇಳೆಯನ್ನೇ ಪ್ರೋಗ್ರಾಮು ಬರಹದ ದಿನಾಂಕವೆಂದು ಓದಿಕೊಳ್ಳುತ್ತದೆ. ಈ ಕೊನೆಯ ಜಾಣತನವೇ ಅದರ ಪ್ರಸಿದ್ಧ ತೊಂದರೆಯೂ ಆಯಿತು: ವರ್ಷದ ಹಿಂದಿನ ಬರಹದಲ್ಲಿ ಒಂದು ಕಾಗುಣಿತ ತಿದ್ದಿ ಉಳಿಸಿದರೆ ಆ ಬರಹ ಇಂದಿನದೆಂಬಂತೆ ಮುಖಪುಟದ ನೆತ್ತಿಗೇರುತ್ತಿತ್ತು. ಮೂಲ ದಿನಾಂಕಗಳನ್ನು ಬೇರೊಂದು ಕಡತದಲ್ಲಿ ನೆನಪಿಟ್ಟುಕೊಳ್ಳುವ ಪ್ಲಗಿನ್ನುಗಳನ್ನು ಬಳಕೆದಾರರು ಬರೆದರು. ಸರಳತೆಯನ್ನು ಉಳಿಸಿಕೊಳ್ಳಲು ತುಸು ಜಟಿಲತೆಯನ್ನು ಒಪ್ಪಿಕೊಳ್ಳುವ ಈ ರಾಜಿಯನ್ನು ಸ್ವಂತ ತಂತ್ರಾಂಶ ಇಟ್ಟುಕೊಂಡ ಎಲ್ಲರೂ ಒಂದಲ್ಲ ಒಂದು ದಿನ ಮಾಡಿಕೊಂಡಿದ್ದಾರೆ. ಎಕ್ಸ್‌ಎಂಎಲ್ ಎಂಬ ದತ್ತಾಂಶ ಬರಹಕ್ರಮವನ್ನು ರೂಪಿಸಿದವರಲ್ಲಿ ಒಬ್ಬನಾದ ಟಿಮ್ ಬ್ರೇ 2003ರಲ್ಲಿ ಬ್ಲಾಗು ಆರಂಭಿಸಿದಾಗ, ಪೇಟೆಯಲ್ಲಿ ಸಿದ್ಧ ತಂತ್ರಾಂಶಗಳಿದ್ದರೂ ಪರ್ಲಿನಲ್ಲಿ ತನ್ನದನ್ನೇ ಬರೆದುಕೊಂಡ.

ಬರಹವನ್ನು ಸಾದಾ ಪಠ್ಯದಲ್ಲೇ ಇಡಬೇಕೆಂಬವರಿಗೆ ಎಚ್‌ಟಿಎಂಎಲ್ ಗುರುತುಗಳು ಕಣ್ಣಿನ ಕಸವಾಗಿದ್ದವು. ಡೀನ್ ಅಲೆನ್ ರೂಪಿಸಿದ ಟೆಕ್ಸ್‌ಟೈಲ್, ಅದರ ನಂತರ 2004ರಲ್ಲಿ ಜಾನ್ ಗ್ರೂಬರ್ ಆರನ್ ಸ್ವಾರ್ಟ್ಜ್‌ನ ನೆರವಿನಿಂದ ಹೊರತಂದ ಮಾರ್ಕ್‌ಡೌನ್ ಈ ಕೊರತೆಯನ್ನು ತುಂಬಿದವು. ಪದದ ಎರಡೂ ಬದಿಗೆ ನಕ್ಷತ್ರಚಿಹ್ನೆ ಹಾಕಿದರೆ ಒತ್ತು, ಸಾಲಿನ ಮೊದಲಿಗೆ ಅಡ್ಡಗೆರೆ ಹಾಕಿದರೆ ಪಟ್ಟಿ ಎಂಬಂಥ, ಇಮೇಲಿನಲ್ಲಿ ಜನ ಮೊದಲೇ ಬಳಸುತ್ತಿದ್ದ ರೂಢಿಗಳನ್ನೇ ಇವು ನಿಯಮ ಮಾಡಿದವು. ಗ್ರೂಬರನ ಆ ಪರ್ಲ್ ಕಡತವನ್ನು ಇಂದು ತೆರೆದು ನೋಡಿದರೂ ಮೂವಬಲ್ ಟೈಪ್ ಮತ್ತು ಬ್ಲಾಸಮ್ ಎರಡಕ್ಕೂ ಪ್ಲಗಿನ್ನಾಗಿ ಹೊಂದಿಕೊಳ್ಳುವ ಸಾಲುಗಳು ಅದರಲ್ಲಿ ಕಾಣುತ್ತವೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಬರಹಕ್ರಮವೊಂದು ಹುಟ್ಟಿದ್ದು ಯಾರ ಅಂಗಳದಲ್ಲಿ ಎಂಬುದಕ್ಕೆ ಇದು ನೇರ ಪುರಾವೆ. ಗಿಟ್‌ಹಬ್ ಎಂಬ ಮೂಲಸಂಕೇತ ಹಂಚಿಕೆಯ ತಾಣದ ಸ್ಥಾಪಕರಲ್ಲಿ ಒಬ್ಬನಾದ ಟಾಮ್ ಪ್ರೆಸ್ಟನ್-ವರ್ನರ್ 2008ರ ನವೆಂಬರಿನಲ್ಲಿ ಪ್ರಕಟಿಸಿದ ಜೆಕಿಲ್ ಈ ಎಳೆಗಳನ್ನೆಲ್ಲ ಒಂದುಗೂಡಿಸಿತು. ಬರಹಗಳು ಪಠ್ಯ ಕಡತಗಳಾಗಿ ಬರಹಗಾರರ ಕಂಪ್ಯೂಟರಿನಲ್ಲಿರುತ್ತವೆ, ಜೆಕಿಲ್ ಅವನ್ನೆಲ್ಲ ಓದಿ ಇಡೀ ತಾಣವನ್ನು ಸಿದ್ಧ ಪುಟಗಳಾಗಿ ಬರೆದಿಡುತ್ತದೆ, ಸರ್ವರಿನಲ್ಲಿ ಓಡುವ ಪ್ರೋಗ್ರಾಮೇ ಇರುವುದಿಲ್ಲ. ಮೂವಬಲ್ ಟೈಪಿನ ಹಳೆಯ ಪದ್ಧತಿ ಹೀಗೆ ಹೊಸ ಹೆಸರಿನಲ್ಲಿ ಮರಳಿತು. 2010ರ ಪೆಲಿಕನ್, 2013ರ ಹ್ಯೂಗೋ ಮುಂತಾಗಿ ಇದೇ ಜಾತಿಯ ತಂತ್ರಾಂಶಗಳು ಆ ಬಳಿಕ ನೂರಾರು ಬಂದವು. ಅವನ್ನೆಲ್ಲ ಇಲ್ಲಿ ಹೆಸರಿಸುವುದರಿಂದ ಪ್ರಯೋಜನವಿಲ್ಲ.

ಅವು ನೂರಾರಾದದ್ದಕ್ಕೆ ಇನ್ನೊಂದು ಕಾರಣವಿದೆ. 2005ರಲ್ಲಿ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ತನ್ನ ರೂಬಿ ಆನ್ ರೈಲ್ಸ್ ಚೌಕಟ್ಟಿನ ಶಕ್ತಿಯನ್ನು ತೋರಿಸಲು ಹದಿನೈದು ನಿಮಿಷಗಳಲ್ಲಿ ಒಂದು ಬ್ಲಾಗು ತಂತ್ರಾಂಶ ಕಟ್ಟಿ ತೋರಿಸಿದ ವಿಡಿಯೊ ಪ್ರೋಗ್ರಾಮರುಗಳ ನಡುವೆ ಸಂಚಲನವನ್ನೇ ಉಂಟುಮಾಡಿತು. ಅಂದಿನಿಂದ ಜಾಲದ ಹೊಸ ಭಾಷೆ ಅಥವಾ ಚೌಕಟ್ಟನ್ನು ಕಲಿಸುವ ಪಾಠಗಳಲ್ಲಿ ಬ್ಲಾಗು ಕಟ್ಟುವುದು ಮೊದಲ ಅಭ್ಯಾಸವಾಯಿತು. ಡೇಟಾಬೇಸಿಗೆ ಬರೆಯುವುದು, ಅದರಿಂದ ಓದುವುದು, ಪುಟಕ್ಕೆ ಅಚ್ಚು ಹಾಕುವುದು, ಒಳಬರಲು ಗುಪ್ತಪದ ಕೇಳುವುದು ಎಲ್ಲವೂ ಅದರಲ್ಲಿ ಅಡಕವಾಗಿರುವುದರಿಂದ ಮೇಷ್ಟ್ರುಗಳಿಗೆ ಅದಕ್ಕಿಂತ ಅನುಕೂಲದ ಉದಾಹರಣೆ ಸಿಗದು. ಹದಿನೈದು ನಿಮಿಷದ ಆ ಪ್ರದರ್ಶನ ಹೇಳದೆ ಬಿಟ್ಟದ್ದು ಹದಿನಾರನೆಯ ನಿಮಿಷದಿಂದ ಮುಂದಿನ ವರ್ಷಗಳ ಕಥೆಯನ್ನು.

ಆ ಕಥೆಯಲ್ಲಿ ಮೊದಲು ಬರುವುದು ಕಸಟಿಪ್ಪಣಿಗಳ ಹಾವಳಿ. ಟಿಪ್ಪಣಿ ಪೆಟ್ಟಿಗೆ ತೆರೆದಿಟ್ಟ ತಾಣಗಳಿಗೆ ಯಂತ್ರಗಳು ನುಗ್ಗಿ ಔಷಧಿ, ಜೂಜುಗಳ ಕೊಂಡಿಗಳನ್ನು ಸುರಿಯತೊಡಗಿದವು. ಹುಡುಕುತಾಣಗಳು ಕೊಂಡಿಗಳನ್ನು ಎಣಿಸಿ ಪುಟದ ಸ್ಥಾನ ನಿರ್ಧರಿಸುತ್ತಿದ್ದುದೇ ಇದರ ಹಿಂದಿನ ಆಮಿಷ. ಜೇ ಆಲೆನ್ 2003ರಲ್ಲಿ ಮೂವಬಲ್ ಟೈಪಿಗಾಗಿ ಕಪ್ಪುಪಟ್ಟಿಯ ಪ್ಲಗಿನ್ ಬರೆದ, 2005ರ ಜನವರಿಯಲ್ಲಿ ಗೂಗಲ್ ಮತ್ತಿತರ ಹುಡುಕುತಾಣಗಳು ಎಣಿಕೆಗೆ ಸೇರದ ಕೊಂಡಿಗೆಂದು ಪ್ರತ್ಯೇಕ ಗುರುತನ್ನು ಒಪ್ಪಿಕೊಂಡವು, ಅದೇ ವರ್ಷ ವರ್ಡ್‌ಪ್ರೆಸ್ ಬಳಗದಿಂದ ಕಸಟಿಪ್ಪಣಿಗಳನ್ನು ಸೋಸುವ ಅಕಿಸ್ಮೆಟ್ ಬಂದಿತು. ಸ್ವಂತ ತಂತ್ರಾಂಶದವರಿಗೆ ಈ ಸೈನ್ಯದ ಬೆಂಬಲವಿರಲಿಲ್ಲ. ಅವರಲ್ಲಿ ಹಲವರು ಟಿಪ್ಪಣಿ ಪೆಟ್ಟಿಗೆಯನ್ನೇ ಕಿತ್ತುಹಾಕಿದರು. ಇನ್ನೊಂದು ಬಗೆಯ ಹೊಡೆತ ಬಿದ್ದದ್ದು ಭಾಷೆಗಳು ಬದಲಾದದ್ದರಿಂದ. ಹಳೆಯ ಪಿಎಚ್‌ಪಿ, ಬಳಕೆದಾರರು ಕಳುಹಿಸಿದ ಪಠ್ಯದಲ್ಲಿನ ಪ್ರತಿ ಉದ್ಧರಣ ಚಿಹ್ನೆಯ ಹಿಂದೆ ತಾನಾಗಿ ಒಂದು ಓರೆಗೆರೆ ಸೇರಿಸುತ್ತಿತ್ತು. ಅದನ್ನು ನಂಬಿ ಬರೆದ ಪ್ರೋಗ್ರಾಮುಗಳಿಗೆ 2012ರ 5.4 ಆವೃತ್ತಿಯಲ್ಲಿ ಆ ಸೌಕರ್ಯ ತಪ್ಪಿತು. 2015ರ ಡಿಸೆಂಬರಿನ 7.0 ಆವೃತ್ತಿ ಮೈಎಸ್‌ಕ್ಯೂಎಲ್ ಜೊತೆ ಮಾತನಾಡುವ ಮೂಲ ಆಜ್ಞೆಗಳ ಗುಂಪನ್ನೇ ತೆಗೆದುಹಾಕಿದ್ದರಿಂದ, ಹಿಂದಿನ ದಶಕದಲ್ಲಿ ಬರೆದಿಟ್ಟು ಮರೆತಿದ್ದ ಮನೆಕಟ್ಟಿನ ಬ್ಲಾಗುಗಳು, ಬಾಡಿಗೆ ಸರ್ವರಿನವರು ಆವೃತ್ತಿ ಏರಿಸಿದ ದಿನ ಖಾಲಿ ಪುಟಗಳಾದವು. 2018ರ ಜುಲೈಯಿಂದ ಕ್ರೋಮ್ ಬ್ರೌಸರು ಗೂಢಲಿಪೀಕರಣವಿಲ್ಲದ ತಾಣಗಳನ್ನೆಲ್ಲ ಸುರಕ್ಷಿತವಲ್ಲವೆಂದು ತೋರಿಸತೊಡಗಿತು. 2020ರ ಮೊದಲ ದಿನಕ್ಕೆ ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ ಬೆಂಬಲ ನಿಂತಿತು. ಬರಹವೊಂದನ್ನೂ ಸೇರಿಸದಿದ್ದರೂ ತಂತ್ರಾಂಶ ಹಳಸುತ್ತದೆ.

ಕನ್ನಡದಲ್ಲಿ ಬರೆಯುವವರ ಪಾಲಿಗೆ ಈ ನಿರ್ವಹಣೆಯ ಹೊರೆಗೆ ಇನ್ನೊಂದು ಪದರವಿತ್ತು. ‘ಬರಹ’, ‘ನುಡಿ’ಗಳಂಥ ತಂತ್ರಾಂಶಗಳಲ್ಲಿ ಮೊದಲಿಗೆ ಕನ್ನಡ ಮೂಡುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳ ಮೂಲಕ. ಆ ಫಾಂಟು ಇಲ್ಲದ ಓದುಗರಿಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಷ್ಟೇ ಕಾಣುತ್ತಿತ್ತು. ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬಂದ ಮೇಲೆ ಕನ್ನಡ ಬ್ಲಾಗುಗಳು ಹೆಚ್ಚಿದವು, ಅವುಗಳಲ್ಲಿ ಬಹುಪಾಲು ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳ ಬಿಟ್ಟಿ ನೆಲೆಗಳಲ್ಲೇ ಇದ್ದವು. ಸ್ವಂತ ಸರ್ವರಿನಲ್ಲಿ ತಂತ್ರಾಂಶವನ್ನು ಪಳಗಿಸಿದ ಮುಖ್ಯ ಉದಾಹರಣೆಯೆಂದರೆ ಹರಿಪ್ರಸಾದ್ ನಾಡಿಗರು 2005ರಲ್ಲಿ ಆರಂಭಿಸಿದ ‘ಸಂಪದ’ ತಾಣ. ಬೆಲ್ಜಿಯಮ್ಮಿನ ಡ್ರೀಸ್ ಬೈಟಾರ್ಟ್ ವಿದ್ಯಾರ್ಥಿದೆಸೆಯಲ್ಲಿ ಗೆಳೆಯರ ಸಂದೇಶಫಲಕಕ್ಕೆಂದು ಬರೆದು 2001ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಡ್ರುಪಲ್ ಅದರ ಅಡಿಪಾಯ.

ಅಂದಿನ ತಂತ್ರಾಂಶಗಳು ಕನ್ನಡವನ್ನು ಎಲ್ಲೆಲ್ಲಿ ಎಡವಿಸುತ್ತಿದ್ದವೆಂಬುದನ್ನು ತುಸು ಹತ್ತಿರದಿಂದ ನೋಡುವುದು ಉಪಯುಕ್ತ. ಸ್ವೀಡನ್ನಿನಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್, 2018ರ 8.0 ಆವೃತ್ತಿಯವರೆಗೂ, ಬೇರೆ ಹೇಳದಿದ್ದರೆ ಪಶ್ಚಿಮ ಯೂರೋಪಿನ ಲಿಪಿಯನ್ನೇ ನಿರೀಕ್ಷಿಸುತ್ತಿತ್ತು, ಅಕ್ಷರಗಳನ್ನು ಸ್ವೀಡಿಶ್ ಕ್ರಮದಲ್ಲೇ ಜೋಡಿಸುತ್ತಿತ್ತು. ಈ ಆಯ್ಕೆಯನ್ನು ಬದಲಿಸದೆ ತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಬರಹಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳಾಗಿ ಬಿಡುತ್ತಿದ್ದವು. ಬರಹದ ವಿಳಾಸದ್ದು ಇನ್ನೂ ಸೂಕ್ಷ್ಮವಾದ ಸಮಸ್ಯೆ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಪ್ರತಿ ಮೂಲಚಿಹ್ನೆಗೆ 3 ಬೈಟು ಬೇಕು, ಜಾಲವಿಳಾಸದಲ್ಲಿ ಒಂದೊಂದು ಬೈಟನ್ನು ಶೇಕಡಾ ಗುರುತಿನೊಂದಿಗೆ 3 ಅಕ್ಷರಗಳಲ್ಲಿ ಬರೆಯಬೇಕು, ಹೀಗಾಗಿ ಒಂದು ಕನ್ನಡ ಚಿಹ್ನೆ 9 ಅಕ್ಷರಗಳಷ್ಟು ಉದ್ದವಾಗುತ್ತದೆ. ‘ಕರ್ನಾಟಕದ ಕೆರೆಗಳ ಇತಿಹಾಸ’ ಎಂಬ ಮೂರೇ ಪದಗಳ ಶೀರ್ಷಿಕೆ, ನಡುವಿನ ಎರಡು ಅಡ್ಡಗೆರೆ ಸೇರಿ 182 ಅಕ್ಷರಗಳನ್ನು ನುಂಗುತ್ತದೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಮೀಸಲಿಟ್ಟದ್ದು 200 ಅಕ್ಷರ ಮಾತ್ರವಾದ್ದರಿಂದ ನಾಲ್ಕನೆಯ ಪದ ಬಂದರೆ ಅದರ ಬಾಲ ಕತ್ತರಿಸಿಹೋಗುತ್ತದೆ. ಪೈಥಾನಿನಲ್ಲಿ ಸ್ವಂತ ತಂತ್ರಾಂಶ ಬರೆದವರಿಗೆ ಕಾದಿದ್ದುದು ಬೇರೆಯೇ ವಿಚಿತ್ರ: ಶೀರ್ಷಿಕೆಯಿಂದ ಅಕ್ಷರವಲ್ಲದ್ದನ್ನೆಲ್ಲ ತೆಗೆದು ವಿಳಾಸ ಮಾಡುವ ರೂಢಿಯ ಸೂತ್ರ, ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಎಣಿಸದ ಕಾರಣ, ಅದೇ ಶೀರ್ಷಿಕೆ ‘ಕರನಟಕದ-ಕರಗಳ-ಇತಹಸ’ ಎಂದಾಗುತ್ತದೆ. ಪ್ರೋಗ್ರಾಮು ಬೇರೆಯವರದಾದರೆ ಇಂಥದ್ದಕ್ಕೆ ದೂರು ಬರೆದು ಕಾಯಬೇಕು, ತಮ್ಮದೇ ಆದರೆ ಒಂದು ಸಾಲನ್ನು ತಿದ್ದಿದರೆ ಮುಗಿಯಿತು. ಕನ್ನಡದಂಥ ಭಾಷೆಗಳಲ್ಲಿ ಬರೆಯುವವರಿಗೆ ಈ ಹವ್ಯಾಸ ಬರಿಯ ಶೋಕಿಯಾಗಿ ಉಳಿಯದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಫೇಸ್‌ಬುಕ್, ಟ್ವಿಟರುಗಳು ಬರಹವನ್ನು ತಮ್ಮತ್ತ ಸೆಳೆದುಕೊಂಡ ದಶಕದಲ್ಲಿ ಈ ಹವ್ಯಾಸ ಒಂದು ಸಿದ್ಧಾಂತದ ರೂಪ ತಳೆಯಿತು. 2011ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಟಾಂಟೆಕ್ ಚೆಲಿಕ್, ಆರನ್ ಪರೆಕಿ ಮೊದಲಾದವರು ಸೇರಿಸಿದ ಇಂಡಿವೆಬ್ ಶಿಬಿರ, ಬರಹ ಮೊದಲು ಬರಹಗಾರರ ಸ್ವಂತ ತಾಣದಲ್ಲಿ ಪ್ರಕಟವಾಗಿ ಆಮೇಲೆ ಬೇರೆಡೆ ಹಂಚಿಕೆಯಾಗಬೇಕೆಂದೂ, ಉಪದೇಶಿಸುವವರು ತಾವು ಕಟ್ಟಿದ್ದನ್ನು ಮೊದಲು ತಾವೇ ಬಳಸಬೇಕೆಂದೂ ನಿಯಮ ಹಾಕಿಕೊಂಡಿತು. ಆ ಬಳಗ ಬೆಳೆಸಿದ ವೆಬ್‌ಮೆನ್ಶನ್ ಎಂಬ ಪದ್ಧತಿ, ಒಂದು ತಾಣ ಇನ್ನೊಂದಕ್ಕೆ ಕೊಂಡಿ ಕೊಟ್ಟಾಗ ಆ ಸುದ್ದಿಯನ್ನು ಮುಟ್ಟಿಸುವ ಕ್ರಮ, 2017ರಲ್ಲಿ ಜಾಲದ ಮಾನಕ ಸಂಸ್ಥೆಯ ಮಾನ್ಯತೆ ಪಡೆಯಿತು. ಬಿಟ್ಟಿ ನೆಲೆಗಳು ಮುಚ್ಚುತ್ತ ಬಂದದ್ದೂ ಈ ಪಂಥಕ್ಕೆ ಬಲ ಕೊಟ್ಟಿತು: ಯಾಹೂ 2009ರಲ್ಲಿ ಜಿಯೋಸಿಟೀಸನ್ನು ಮುಚ್ಚಿತು, 2013ರಲ್ಲಿ ಪೋಸ್ಟರಸ್ ಹೋಯಿತು, ಅದೇ ವರ್ಷದ ಜುಲೈಯಲ್ಲಿ ಗೂಗಲ್ ತನ್ನ ರೀಡರನ್ನು ನಿಲ್ಲಿಸಿದಾಗ ಬ್ಲಾಗುಗಳನ್ನು ಒಂದೆಡೆ ಓದುವ ದೊಡ್ಡ ಓದುಮನೆಯೇ ಇಲ್ಲವಾಯಿತು.

ಇಷ್ಟು ಕಾಲದಲ್ಲಿ ಟ್ರಾಟ್ ದಂಪತಿಗಳ ಕೃತಿ ಹಲವು ಕೈ ಬದಲಾಯಿಸಿತ್ತು. ಮೂವಬಲ್ ಟೈಪ್ ಜಪಾನಿನ ಸಂಸ್ಥೆಯ ಪಾಲಾಗಿ ಅಲ್ಲಿ ಇಂದಿಗೂ ಮಾರಾಟದಲ್ಲಿದೆ. ಅದರ ಆಧಾರದ ಮೇಲೆ 2003ರಲ್ಲಿ ಆರಂಭವಾಗಿದ್ದ ಟೈಪ್‌ಪ್ಯಾಡ್ ಎಂಬ ಬಾಡಿಗೆ ಬ್ಲಾಗುನೆಲೆ 2025ರ ಸೆಪ್ಟೆಂಬರ್ 30ರಂದು ಮುಚ್ಚಿತು. ಮುಚ್ಚುವ ಮೊದಲು ಅಲ್ಲಿನ ಬರಹಗಾರರಿಗೆ ತಮ್ಮ ಬರಹಗಳನ್ನು ಇಳಿಸಿಕೊಳ್ಳಲು ಸಿಕ್ಕಿದ್ದು ಮೂವಬಲ್ ಟೈಪಿನ ಹಳೆಯ ಪಠ್ಯರೂಪ: ಶೀರ್ಷಿಕೆ, ಲೇಖಕ, ದಿನಾಂಕಗಳನ್ನು ಒಂದೊಂದು ಸಾಲಿನಲ್ಲಿ ಬರೆದು, ಕೆಳಗೆ ಬರಹವಿಟ್ಟು, ಒಂದು ಬರಹಕ್ಕೂ ಇನ್ನೊಂದಕ್ಕೂ ನಡುವೆ ಅಡ್ಡಗೆರೆಗಳ ಸಾಲೊಂದನ್ನು ಎಳೆದ ಸಾದಾ ಕಡತ. ವರ್ಡ್‌ಪ್ರೆಸ್ ಅದನ್ನು ಈಗಲೂ ಓದಬಲ್ಲದು, ಮತ್ತು ಸ್ವಂತ ತಂತ್ರಾಂಶ ಕಟ್ಟಿಕೊಂಡವರು ಅದನ್ನು ಓದಲು ಬರೆಯಬೇಕಾದ ಪ್ರೋಗ್ರಾಮು ಐವತ್ತು ಸಾಲನ್ನೂ ದಾಟುವುದಿಲ್ಲ.